ಸಿಎಸ್‌ಆರ್ ಅನುದಾನ ಮತ್ತು ಊರಿನ ಸಂಸ್ಥೆಗಳು

ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕೆಂದು ತೆಗೆದಿರಿಸಬೇಕಾದ ಲಾಭದ ಪಾಲಿನಿಂದ ಟ್ರಸ್ಟು, ಸಂಘ, ಸ್ವಯಂಸೇವಾ ಸಂಸ್ಥೆಗಳಿಗೆ ಕೊಡುವ ಹಣವೇ ಸಿಎಸ್‌ಆರ್ ಅನುದಾನ. ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ಎಂಬ ಉದ್ದದ ಹೆಸರು ಕಡತಗಳಲ್ಲಷ್ಟೇ ಉಳಿದಿದೆ. ಸಂಸ್ಥೆ ನಡೆಸುವವರ ಬಾಯಲ್ಲಿ ಅದು ‘ಸಿಎಸ್‌ಆರ್ ಫಂಡ್’. ಕಾನೂನು ಜಾರಿಗೆ ಬಂದ ಮೊದಲ ವರ್ಷವಾದ 2014-15ರಲ್ಲಿ ದೇಶದ ಕಂಪನಿಗಳು ಈ ಬಾಬ್ತಿನಲ್ಲಿ ಸುಮಾರು 10 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿದ್ದವು; 2022-23ರ ಹೊತ್ತಿಗೆ ಅದು 30 ಸಾವಿರ ಕೋಟಿಯ ಹತ್ತಿರಕ್ಕೆ ಬಂತು. ಇಷ್ಟು ಹಣ ಓಡಾಡುತ್ತಿದ್ದರೂ ಅದರ ಬಾಗಿಲು ಯಾವ ಕಡೆಗಿದೆ ಎಂಬುದು ತಾಲ್ಲೂಕಿನ ಪುಟ್ಟ ಸಂಸ್ಥೆಗೆ ತಿಳಿಯದಿರುವುದು ಸಾಮಾನ್ಯ. ಅದಕ್ಕೆ ಸಂಸ್ಥೆಯವರ ದಡ್ಡತನ ಕಾರಣವಲ್ಲ. ಈ ಕಾನೂನನ್ನು ಬರೆದಿರುವುದು ಕೊಡುವವರನ್ನು ಲೆಕ್ಕಕ್ಕೆ ಕಟ್ಟಿಹಾಕಲು. ಕೇಳುವವರು ಅದರಲ್ಲಿ ಒಂದೆರಡು ಕಡೆ ಮಾತ್ರ, ಅದೂ ‘ಅನುಷ್ಠಾನ ಸಂಸ್ಥೆ’ ಎಂಬ ಹೆಸರಿನಲ್ಲಿ ಇಣುಕುತ್ತಾರೆ.

ದಾನದಿಂದ ಕಾನೂನಿಗೆ

ಸಿರಿವಂತರು ಛತ್ರ, ಅರವಟ್ಟಿಗೆ, ವಿದ್ಯಾರ್ಥಿನಿಲಯ ಕಟ್ಟಿಸುವುದು ನಮ್ಮಲ್ಲಿ ಹಳೆಯ ರೂಢಿ. ಉದ್ಯಮಿಗಳ ದಾನ ಸಂಸ್ಥೆಯ ರೂಪ ತಳೆದದ್ದು ಜೆಮ್‌ಶೆಟ್‌ಜಿ ಟಾಟಾ 1892ರಲ್ಲಿ ವಿದ್ಯಾರ್ಥಿಗಳ ಉನ್ನತ ವ್ಯಾಸಂಗಕ್ಕಾಗಿ ನಿಧಿ ಇಟ್ಟಂಥ ಕೆಲಸಗಳಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದು ಅವರ ಹಣ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಿಂದ. ಸರ್ ರತನ್ ಟಾಟಾ ಟ್ರಸ್ಟ್ 1919ರದು. ಇವೆಲ್ಲ ಮನೆತನದ ಸ್ವತ್ತಿನಿಂದ ಬಂದ ದಾನಗಳು. ಕಂಪನಿಯೇ ತನ್ನ ಹೆಸರಿನಲ್ಲಿ ಪ್ರತಿಷ್ಠಾನ ತೆರೆದು ಊರೂರಿಗೆ ಪರಿಚಿತವಾದದ್ದಕ್ಕೆ ಕನ್ನಡಿಗರು ಥಟ್ಟನೆ ಕೊಡುವ ಉದಾಹರಣೆ ಇನ್ಫೊಸಿಸ್ ಪ್ರತಿಷ್ಠಾನ. 1996ರಲ್ಲಿ ಆರಂಭವಾದ ಅದನ್ನು ಸುಧಾ ಮೂರ್ತಿಯವರು 2021ರ ಕೊನೆಯವರೆಗೆ ಮುನ್ನಡೆಸಿದರು. ಆ ಕಾಲದಲ್ಲಿ ಕೊಡುವುದು, ಬಿಡುವುದು ಕಂಪನಿಯ ಮರ್ಜಿ.

2009ರಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಐಚ್ಛಿಕ ಮಾರ್ಗಸೂಚಿ ಹೊರಡಿಸಿತು. ಐಚ್ಛಿಕ ಎಂದಮೇಲೆ ಹೇಳುವುದೇನಿದೆ! ಸಂಸತ್ತಿನ ಸ್ಥಾಯಿ ಸಮಿತಿಯಲ್ಲಿ ಚರ್ಚೆ ನಡೆದು, ಕೊನೆಗೆ 2013ರ ಕಂಪನಿ ಕಾಯ್ದೆಯಲ್ಲಿ 135ನೇ ಸೆಕ್ಷನ್ ಸೇರಿತು. 2014ರ ಏಪ್ರಿಲ್ 1ರಿಂದ ಜಾರಿಯಾಯಿತು. ಇಂಥ ಕಾನೂನು ಮಾಡಿದ ಜಗತ್ತಿನ ಮೊದಲ ದೇಶ ಭಾರತ ಎಂದು ಭಾಷಣಗಳಲ್ಲಿ ಕೇಳಿಬರುವುದುಂಟು. ಆದರೆ ಇಂಡೊನೇಷ್ಯ 2007ರಲ್ಲೇ ಸಂಪನ್ಮೂಲ ಆಧಾರಿತ ಕಂಪನಿಗಳಿಗೆ ಇಂಥ ಹೊಣೆ ಹೊರಿಸಿತ್ತು, ಮಾರಿಷಸ್ 2009ರಲ್ಲಿ ಶೇ 2ರ ನಿಯಮ ತಂದಿತ್ತು. ಭಾರತದ ಹೆಗ್ಗಳಿಕೆ ಗಾತ್ರದ್ದು.

ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ನ್ನು ಖರ್ಚು ಮಾಡಬೇಕು. ಖರ್ಚು ಯಾವುದಕ್ಕೆ ಎಂಬುದು ಕಾಯ್ದೆಯ 7ನೇ ಷೆಡ್ಯೂಲಿನಲ್ಲಿದೆ: ಹಸಿವು, ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಜೀವನೋಪಾಯ, ಲಿಂಗ ಸಮಾನತೆ, ಪರಿಸರ, ಪರಂಪರೆ ಮತ್ತು ಕಲೆ, ಕ್ರೀಡೆ, ಗ್ರಾಮಾಭಿವೃದ್ಧಿ, ಕೊಳೆಗೇರಿ ಅಭಿವೃದ್ಧಿ, ವಿಪತ್ತು ನಿರ್ವಹಣೆ ಮುಂತಾದವು. ಪಟ್ಟಿ ಉದಾರವಾಗಿದೆ. ತಾಳಮದ್ದಳೆ ಕಲಿಸುವ ಕೇಂದ್ರಕ್ಕೂ ಬಿದಿರು ಬುಟ್ಟಿ ಹೆಣೆಯುವವರ ತರಬೇತಿಗೂ ಅದರಲ್ಲಿ ಜಾಗವಿದೆ. ಆದರೆ ಹಣದ ಸಿಂಹಪಾಲು ಶಿಕ್ಷಣಕ್ಕೂ ಆರೋಗ್ಯಕ್ಕೂ ಹೋಗುತ್ತದೆ, ಕಲೆಗೆ ಉಳಿಯುವುದು ತಟ್ಟೆಯಂಚಿನ ಉಪ್ಪಿನಕಾಯಿಯಷ್ಟು. ಒಂದು ದಿನದ ಕಾರ್ಯಕ್ರಮ, ಓಟ, ಪ್ರಶಸ್ತಿ ಪ್ರದಾನ, ಜಾಹೀರಾತು ಇವು ಸಿಎಸ್‌ಆರ್ ಆಗುವುದಿಲ್ಲವೆಂದು 2014ರ ಜೂನ್ ತಿಂಗಳ ಸುತ್ತೋಲೆಯಲ್ಲೇ ಸಚಿವಾಲಯ ಹೇಳಿತ್ತು. ಹಾಗಾಗಿ ರಾಜ್ಯೋತ್ಸವದ ಶಾಮಿಯಾನ ಖರ್ಚಿಗೆ ಕಾರ್ಖಾನೆಯವರು ಸಂತೋಷದಿಂದ ದುಡ್ಡು ಕೊಡಬಹುದು, ಆದರೆ ಅದು ಬೇರೆ ಜೇಬಿನದು. ಕಂಪನಿಯ ನೌಕರರಿಗಷ್ಟೇ ಅನುಕೂಲವಾಗುವ ಕೆಲಸ, ರಾಜಕೀಯ ಪಕ್ಷಕ್ಕೆ ಕೊಟ್ಟ ಹಣ, ಸರಕಿನ ಪ್ರಚಾರಕ್ಕೆಂದು ಮಾಡಿದ ಪ್ರಾಯೋಜಕತ್ವ ಇವೂ ಲೆಕ್ಕದಿಂದ ಹೊರಗೆ.

ಇದು ತೆರಿಗೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹಣ ಸರ್ಕಾರದ ಬೊಕ್ಕಸಕ್ಕೆ ಬಂದು ಜಿಲ್ಲೆಗಳಿಗೆ ಹಂಚಿಕೆಯಾಗುವುದಿಲ್ಲ. ಆದ್ದರಿಂದ ‘ನಮ್ಮ ತಾಲ್ಲೂಕಿನ ಪಾಲು’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಖರ್ಚು ಮಾಡು ಎಂದು ಕಾನೂನು ಕಂಪನಿಗೆ ಹೇಳುತ್ತದೆ, ಇಂಥವರಿಗೆ ಕೊಡು ಎಂದು ಎಲ್ಲಿಯೂ ಹೇಳುವುದಿಲ್ಲ. ಬೇಕಾದರೆ ಕಂಪನಿ ತಾನೇ ನೇರವಾಗಿ ಕೆಲಸ ಮಾಡಿಸಬಹುದು, ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಒಂದೇ ಚೆಕ್ ಬರೆದು ಕೈತೊಳೆದುಕೊಳ್ಳಲೂಬಹುದು.

ಮೊದಲ ಏಳು ವರ್ಷ ಕಾನೂನಿಗೆ ಹಲ್ಲು ಕಡಿಮೆಯಿತ್ತು. ಖರ್ಚು ಮಾಡದ ಕಂಪನಿ ವಾರ್ಷಿಕ ವರದಿಯಲ್ಲಿ ಕಾರಣ ಬರೆದರೆ ಸಾಕಾಗಿತ್ತು. 2021ರ ಜನವರಿ 22ರಂದು ಜಾರಿಗೆ ಬಂದ ತಿದ್ದುಪಡಿಗಳು ಆಟದ ನಿಯಮವನ್ನೇ ಬದಲಿಸಿದವು. ಈಗ ಖರ್ಚಾಗದೆ ಉಳಿದ ಹಣ ಕಂಪನಿಯ ಬಳಿ ಉಳಿಯುವಂತಿಲ್ಲ. ಅದು ಮುಂದುವರಿಯುವ ಯೋಜನೆಯದ್ದಾದರೆ ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು ಮತ್ತು ಮೂರು ಹಣಕಾಸು ವರ್ಷಗಳೊಳಗೆ ಬಳಕೆಯಾಗಬೇಕು. ಉಳಿದದ್ದಾದರೆ ಆರು ತಿಂಗಳೊಳಗೆ ಷೆಡ್ಯೂಲಿನಲ್ಲಿ ಹೆಸರಿಸಿದ ಸರ್ಕಾರಿ ನಿಧಿಗೆ ಸೇರಬೇಕು. ತಪ್ಪಿದರೆ ದಂಡ. ಅದೇ ವರ್ಷ ಆಗಸ್ಟಿನಲ್ಲಿ ಸಚಿವಾಲಯ ಹೊರಡಿಸಿದ ಪ್ರಶ್ನೋತ್ತರ ಸುತ್ತೋಲೆ ಇನ್ನೊಂದು ಗಂಟು ಹಾಕಿತು: ಅನುಷ್ಠಾನ ಸಂಸ್ಥೆಗೆ ಹಣ ವರ್ಗಾಯಿಸಿದ ಮಾತ್ರಕ್ಕೆ ಖರ್ಚಾಯಿತೆಂದು ಆಗುವುದಿಲ್ಲ, ಆ ಸಂಸ್ಥೆ ಪೂರ್ತಿ ಬಳಸಿದಾಗಲೇ ಅದು ಖರ್ಚು. ಕೊಟ್ಟ ಹಣ ಅನುಮೋದಿಸಿದ ಕೆಲಸಕ್ಕೇ ಬಳಕೆಯಾಗಿದೆಯೆಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ನಿರ್ದೇಶಕ ಮಂಡಳಿಗೆ ಪ್ರಮಾಣೀಕರಿಸಬೇಕು.

ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಸಹಿಯ ಸುತ್ತ ಸುತ್ತುತ್ತದೆ. ಊರಿಗೆ ಬಂದು ಚಹಾ ಕುಡಿದು ಮಕ್ಕಳ ಹಾಡು ಕೇಳಿ ಕಣ್ತುಂಬಿಕೊಂಡ ಸಿಎಸ್‌ಆರ್ ಮ್ಯಾನೇಜರ್ ಅರ್ಜಿಯ ಕೊನೆಯ ಓದುಗರಲ್ಲ. ಆ ಊರನ್ನು ಎಂದೂ ನೋಡದ, ಲೆಕ್ಕಕ್ಕೆ ಸಹಿ ಹಾಕಬೇಕಾದ ಹಣಕಾಸು ಅಧಿಕಾರಿ ಕೊನೆಯ ಓದುಗರು.

ಹಣ ಯಾರದು

ಹೊರಗಿನಿಂದ ನೋಡುವವರಿಗೆ ಎಲ್ಲ ಫೌಂಡೇಷನ್ನುಗಳೂ ಒಂದೇ ಥರ ಕಾಣುತ್ತವೆ. ಅರ್ಜಿ ಹಾಕುವವರು ಹಾಗೆಂದುಕೊಂಡರೆ ಕೆಲಸ ಕೆಡುತ್ತದೆ. ಕೆಲವು ಕಂಪನಿಗಳು ತಮ್ಮದೇ ಸಿಎಸ್‌ಆರ್ ವಿಭಾಗದಿಂದ ನೇರವಾಗಿ ಸಂಸ್ಥೆಗಳಿಗೆ ಹಣ ಕೊಡುತ್ತವೆ. ಇನ್ನು ಕೆಲವು ತಮ್ಮ ಪ್ರತಿಷ್ಠಾನಕ್ಕೆ ಹಣ ಹಾಕಿ, ಅಲ್ಲಿಂದ ಸಂಸ್ಥೆಗಳಿಗೆ ಹಂಚುತ್ತವೆ ಅಥವಾ ಪ್ರತಿಷ್ಠಾನದ ಸಿಬ್ಬಂದಿಯಿಂದಲೇ ಕೆಲಸ ಮಾಡಿಸುತ್ತವೆ. ಹೀಗೆ ತಮ್ಮ ಸಿಬ್ಬಂದಿಯಿಂದಲೇ ಕೆಲಸ ಮಾಡಿಸುವವರಿಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುವುದು ವ್ಯರ್ಥ. ಯೋಜನಾವಾರು ವಿವರ ಕೊಟ್ಟಿರುವ ವಾರ್ಷಿಕ ವರದಿಯಲ್ಲಿ ‘ಅನುಷ್ಠಾನದ ವಿಧಾನ: ನೇರ’ ಎಂದಿದೆಯೋ ಅಥವಾ ಸಂಸ್ಥೆಯೊಂದರ ಹೆಸರು, ನೋಂದಣಿ ಸಂಖ್ಯೆ ಇದೆಯೋ ಎಂದು ನೋಡಿದರೆ ಗೊತ್ತಾಗುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದಂಥವು ಮೂರನೆಯ ಬಗೆ. ಅಲ್ಲಿನದು ವ್ಯಕ್ತಿ ಮೀಸಲಿಟ್ಟ ಸಂಪತ್ತು, 135ನೇ ಸೆಕ್ಷನ್ನಿನ ಶೇ 2ರ ಲೆಕ್ಕವಲ್ಲ. ಆದ್ದರಿಂದ ಮಾರ್ಚ್ ತಿಂಗಳ ಧಾವಂತ ಅಲ್ಲಿ ಅಷ್ಟಿಲ್ಲ, ನೀತಿನಿಯಮಗಳೂ ಬೇರೆ. ಎಚ್‌ಎಎಲ್, ಬಿಇಎಲ್, ಬೆಮೆಲ್‌ನಂತಹ ಬೆಂಗಳೂರು ಮೂಲದ ಕೇಂದ್ರ ಸಾರ್ವಜನಿಕ ಉದ್ದಿಮೆಗಳಿಗೆ ಸಾರ್ವಜನಿಕ ಉದ್ಯಮಗಳ ಇಲಾಖೆ ವರ್ಷಕ್ಕೊಂದು ವಿಷಯ ಕೊಟ್ಟು, ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ ಆದ್ಯತೆ ಕೊಡಿ ಎನ್ನುತ್ತದೆ. ಕರ್ನಾಟಕದಲ್ಲಿ ರಾಯಚೂರು ಮತ್ತು ಯಾದಗಿರಿ ಆ ಪಟ್ಟಿಯಲ್ಲಿವೆ.

ಗಣಿ ಪ್ರದೇಶದಲ್ಲಿ ಇನ್ನೊಂದು ಗೊಂದಲ. ಬಳ್ಳಾರಿ, ಸಂಡೂರು ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನೂ ಸಿಎಸ್‌ಆರ್ ಹಣವನ್ನೂ ಒಂದೇ ಉಸಿರಿನಲ್ಲಿ ಹೇಳುವುದುಂಟು. ಮೊದಲನೆಯದು 2015ರ ಗಣಿ ಕಾನೂನು ತಿದ್ದುಪಡಿಯಿಂದ ಬಂದ ನಿಧಿ. ಅದರ ಕೀಲಿ ಇರುವುದು ಜಿಲ್ಲಾಡಳಿತದ ಬಳಿ.

ವಿದೇಶಿ ಕಂಪನಿಯ ಭಾರತೀಯ ಘಟಕ ಇಲ್ಲಿಯ ಲಾಭದಿಂದ ಕೊಡುವ ಸಿಎಸ್‌ಆರ್ ಹಣ ವಿದೇಶಿ ದೇಣಿಗೆಯೇ ಎಂಬ ಪ್ರಶ್ನೆ ಸಣ್ಣ ಸಂಸ್ಥೆಗಳನ್ನು ಕಾಡುತ್ತದೆ. ವಿದೇಶಿ ಬಂಡವಾಳ ಆಯಾ ಕ್ಷೇತ್ರಕ್ಕೆ ನಿಗದಿಯಾದ ಮಿತಿಯೊಳಗಿದ್ದರೆ ಅಂಥ ಕಂಪನಿಯನ್ನು ವಿದೇಶಿ ಮೂಲವೆಂದು ಪರಿಗಣಿಸುವುದಿಲ್ಲವೆಂದು ವಿದೇಶಿ ದೇಣಿಗೆ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಅದೇ ಕಂಪನಿಯ ಹೊರದೇಶದ ಮಾತೃಸಂಸ್ಥೆಯ ಪ್ರತಿಷ್ಠಾನ ಕೊಡುವುದಾದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ, ಎಲ್ಲವೂ ಬೇಕು. ದೊಡ್ಡ ಸಂಸ್ಥೆ ಪಡೆದು ಸಣ್ಣದಕ್ಕೆ ದಾಟಿಸುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿತು.

ಕಡತ

ಕರ್ನಾಟಕದಲ್ಲಿ ಊರಿನ ಸಂಸ್ಥೆಗಳು ಸಾಮಾನ್ಯವಾಗಿ ಎರಡು ಬಗೆ: ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದ ಟ್ರಸ್ಟು, ಇಲ್ಲವೇ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ಸಂಘ. ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿ ಮೂರನೆಯದು, ಅದು ಹೆಚ್ಚಾಗಿ ನಗರದವರ ಆಯ್ಕೆ. ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಕಂಪನಿಯೊಂದಿಗೆ ಹುಟ್ಟಿನ ಸಂಬಂಧವಿಲ್ಲದ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್‌ನಿಂದ ಜಾರಿಗೆ ಬರುವುದರೊಂದಿಗೆ ಸೆಕ್ಷನ್ ಸಂಖ್ಯೆಗಳು ಬದಲಾದರೂ ಜನರ ಬಾಯಲ್ಲಿ ‘ಟ್ವೆಲ್ವ್ ಎ, ಎಯ್ಟಿ ಜಿ’ ಬಹುಕಾಲ ಉಳಿಯುವುದರಲ್ಲಿ ಸಂಶಯವಿಲ್ಲ.

2021ರ ಏಪ್ರಿಲ್ 1ರಿಂದ ಇವುಗಳ ಮೇಲೆ ಸಿಎಸ್‌ಆರ್-1 ಎಂಬ ನಮೂನೆ ಸೇರಿದೆ. ಸಚಿವಾಲಯದ ಪೋರ್ಟಲ್‌ನಲ್ಲಿ ಅದನ್ನು ತುಂಬಿ, ಡಿಜಿಟಲ್ ಸಹಿ ಹಾಕಿ, ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟರಿಂದ ದೃಢೀಕರಿಸಿ ಸಲ್ಲಿಸಿದರೆ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅದಿಲ್ಲದ ಸಂಸ್ಥೆಗೆ ಕಂಪನಿ ಈ ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಕೊಡುವಂತಿಲ್ಲ. ಎಷ್ಟೇ ಒಳ್ಳೆಯ ಕೆಲಸ ಮಾಡುತ್ತಿದ್ದರೂ ಹೆಸರು ನೋಂದಾಯಿಸದ ಯುವಕ ಸಂಘ, ಸ್ತ್ರೀಶಕ್ತಿ ಗುಂಪು ನೇರವಾಗಿ ಅರ್ಜಿದಾರರಾಗಲಾರವು. ಅವು ಫಲಾನುಭವಿಗಳಾಗಿ ಮಾತ್ರ ಒಳಗೆ ಬರಬಹುದು.

ಅರ್ಜಿ ತಿರಸ್ಕೃತವಾಗುವುದು ಯೋಜನೆ ಕೆಟ್ಟದ್ದಾದ್ದರಿಂದ ಎಂದುಕೊಳ್ಳುವವರು ಹೆಚ್ಚು. ಅರ್ಧದಷ್ಟು ಅಪಘಾತಗಳು ಅದಕ್ಕೂ ಮೊದಲೇ, ಕಾಗದಪತ್ರ ತಾಳೆ ನೋಡುವ ಮೇಜಿನ ಮೇಲೆ ಆಗುತ್ತವೆ ಎಂದರೆ ತುಸು ಉತ್ಪ್ರೇಕ್ಷೆಯಾದೀತು, ಆದರೆ ಕಚೇರಿಯಲ್ಲಿ ಕುಳಿತವರು ಒಪ್ಪುವ ಉತ್ಪ್ರೇಕ್ಷೆ ಅದು. ‘ಗ್ರಾಮೀಣ’ ಎಂಬ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಟ್ರಸ್ಟ್ ಡೀಡಿನಲ್ಲಿ ಎರಡು ‘ಇ’, ಪ್ಯಾನ್ ಕಾರ್ಡಿನಲ್ಲಿ ಒಂದು ‘ಐ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ರೂರಲ್’! ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ತೀರಿಕೊಂಡ ಖಜಾಂಚಿಯ ಹೆಸರು ಇನ್ನೂ ಪದಾಧಿಕಾರಿಗಳ ಪಟ್ಟಿಯಲ್ಲಿರುತ್ತದೆ, ಏಕೆಂದರೆ ಸಂಘ ವರ್ಷವರ್ಷವೂ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ಪಟ್ಟಿ, ಲೆಕ್ಕಪತ್ರ ನಾಲ್ಕು ವರ್ಷದಿಂದ ಹೋಗಿಲ್ಲ. ಕೆರೆ ಹೂಳೆತ್ತಲು ಹಣ ಕೇಳಿದ ಸಂಘದ ಬೈಲಾದಲ್ಲಿ ಉದ್ದೇಶವೆಂದು ಬರೆದಿರುವುದು ಕ್ರೀಡೆ ಮತ್ತು ನಾಟಕ. ನಡಾವಳಿ ಪುಸ್ತಕ ಕನ್ನಡದಲ್ಲಿದೆ, ಪರಿಶೀಲಿಸುವವರು ಗುರುಗ್ರಾಮದಲ್ಲಿದ್ದಾರೆ. ಕಂಪನಿಗಳು ಇದನ್ನು ‘ಡ್ಯೂ ಡಿಲಿಜೆನ್ಸ್’ ಎನ್ನುತ್ತವೆ. ಮೂರು ವರ್ಷದ ಆಡಿಟ್ ವರದಿ, ಐಟಿ ರಿಟರ್ನ್, ನೀತಿ ಆಯೋಗದ ಎನ್‌ಜಿಒ ದರ್ಪಣ್ ಸಂಖ್ಯೆ, ಟ್ರಸ್ಟಿಗಳು ಪರಸ್ಪರ ಸಂಬಂಧಿಕರೇ ಎಂಬ ಪ್ರಶ್ನೆ ಎಲ್ಲವೂ ಇದರಲ್ಲಿ ಬರುತ್ತವೆ. ಗಂಡ, ಹೆಂಡತಿ, ಮೈದುನ ಮೂವರೇ ಟ್ರಸ್ಟಿಗಳಾಗಿರುವ ಕಡೆ ಕೆಲಸ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮೇಜಿನ ಆಚೆ ಬದಿಯವರ ಹುಬ್ಬು ಮೇಲೇರುತ್ತದೆ.

ಕಾರ್ಖಾನೆಯ ನೆರಳು

ಕಂಪನಿ ತಾನು ವ್ಯವಹಾರ ನಡೆಸುವ ಸ್ಥಳ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು 135ನೇ ಸೆಕ್ಷನ್ ಹೇಳುತ್ತದೆ. ಇದು ಸಲಹೆಯ ರೂಪದ ಮಾತು, ಕಡ್ಡಾಯವಲ್ಲ ಎಂದು 2021ರ ಸುತ್ತೋಲೆ ಸ್ಪಷ್ಟಪಡಿಸಿದೆ. ಸ್ಪಷ್ಟನೆಯಿಂದ ನೆಲದ ಮೇಲೆ ಬದಲಾದದ್ದು ಕಡಿಮೆ. ಕಾರ್ಖಾನೆಯ ಗೇಟಿನೆದುರು ಧರಣಿ ಕೂರುವವರು ಸುತ್ತಲಿನ ಹಳ್ಳಿಯವರೇ ಆದ್ದರಿಂದ ಶಾಲೆಗೆ ಬಣ್ಣ ಬಳಿಸುವುದೂ ಅವರ ಹಳ್ಳಿಯಲ್ಲೇ ಆಗುವುದು ಸಹಜ. ಬಿಡದಿ, ಹೊಸೂರು ರಸ್ತೆ, ತೋರಣಗಲ್ಲು, ಮಂಗಳೂರಿನ ಬೈಕಂಪಾಡಿ ಸುತ್ತ ಒಂದೇ ಸರ್ಕಾರಿ ಶಾಲೆಗೆ ಮೂರು ಕಂಪನಿಗಳ ಫಲಕ ನೇತಾಡುವುದನ್ನು ಕಾಣಬಹುದಾದರೆ, ಕಾರ್ಖಾನೆಯೇ ಇಲ್ಲದ ತಾಲ್ಲೂಕಿನಲ್ಲಿ ಹತ್ತು ಶಾಲೆಗೆ ಒಂದೂ ಇರುವುದಿಲ್ಲ. ದೇಶದ ಮಟ್ಟದಲ್ಲೂ ಚಿತ್ರ ಇದೇ. ಮಹಾರಾಷ್ಟ್ರ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ; ಕರ್ನಾಟಕ, ಗುಜರಾತ್, ತಮಿಳುನಾಡು ಮುಂದಿನ ಸಾಲಿನಲ್ಲಿವೆ; ಈಶಾನ್ಯದ ರಾಜ್ಯಗಳು ಕೊನೆಯಲ್ಲಿವೆ. ಕೈಗಾರಿಕೆ ಇದ್ದಲ್ಲಿ ಹಣ, ಹಣ ಇದ್ದಲ್ಲಿ ಸಂಸ್ಥೆಗಳು.

ಕಾರ್ಖಾನೆಯಿಲ್ಲದ ಊರಿನವರಿಗೆ ಇರುವ ದಾರಿ ದೇಶದುದ್ದಕ್ಕೂ ವ್ಯವಹಾರವಿರುವ ಬ್ಯಾಂಕು, ವಿಮೆ, ಸಾಫ್ಟ್‌ವೇರ್, ಮೊಬೈಲ್ ಕಂಪನಿಗಳು. ಅವುಗಳ ‘ಸುತ್ತಲಿನ ಪ್ರದೇಶ’ ಎಂದರೆ ಇಡೀ ದೇಶ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲಿನಲ್ಲಿ ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ವಿಷಯಕ್ಕೆ ಎಷ್ಟು ಖರ್ಚು ಮಾಡಿತೆಂಬ ವಿವರ ವರ್ಷವಾರು ಸಿಗುತ್ತದೆ. ಕಂಪನಿಗಳು ತಮ್ಮ ಸಿಎಸ್‌ಆರ್ ನೀತಿಯನ್ನೂ, ಸಮಿತಿ ಸದಸ್ಯರ ಹೆಸರನ್ನೂ, ಅನುಮೋದಿತ ಯೋಜನೆಗಳನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಒಂದೇ ಪತ್ರವನ್ನು ಹೆಸರು ಬದಲಿಸಿ ನೂರು ಕಂಪನಿಗೆ ಕಳಿಸುವ ಶ್ರಮದಲ್ಲಿ ಹತ್ತನೇ ಒಂದು ಭಾಗವನ್ನು ಈ ಓದಿಗೆ ಇಟ್ಟರೆ ಅರ್ಜಿ ಹಾಕಬೇಕಾದ ಕಂಪನಿಗಳು ಐದೋ ಆರೋ ಉಳಿಯುತ್ತವೆ.

ಅರ್ಜಿ

ವರ್ಷದ ಪಂಚಾಂಗ ಏಪ್ರಿಲ್‌ನಿಂದ ಶುರು. ಹಿಂದಿನ ವರ್ಷದ ಲೆಕ್ಕ ಮುಗಿದು ಈ ವರ್ಷದ ಶೇ 2 ಎಷ್ಟೆಂದು ಗೊತ್ತಾದಮೇಲೆ ಸಿಎಸ್‌ಆರ್ ಸಮಿತಿ ವಾರ್ಷಿಕ ಕ್ರಿಯಾಯೋಜನೆ ಮಾಡಿ ನಿರ್ದೇಶಕ ಮಂಡಳಿಯ ಮುಂದಿಡುತ್ತದೆ. ಹೊಣೆ 50 ಲಕ್ಷ ರೂಪಾಯಿ ಮೀರದ ಕಂಪನಿಗೆ ಪ್ರತ್ಯೇಕ ಸಮಿತಿ ಬೇಡ, ಮಂಡಳಿಯೇ ನಿರ್ಧರಿಸುತ್ತದೆ. ಈ ಯೋಜನೆಯಲ್ಲಿ ಏನೇನಿರಬೇಕೆಂದು ನಿಯಮಗಳು ಹೇಳುತ್ತವೆ: ಷೆಡ್ಯೂಲಿನೊಳಗಿನ ಯೋಜನೆಗಳ ಪಟ್ಟಿ, ಜಾರಿ ಮಾಡುವ ಬಗೆ, ಹಣ ಬಳಕೆಯ ಕ್ರಮ ಮತ್ತು ವೇಳಾಪಟ್ಟಿ, ಮೇಲ್ವಿಚಾರಣೆ ಮತ್ತು ವರದಿಯ ವ್ಯವಸ್ಥೆ, ಅಗತ್ಯ ಹಾಗೂ ಪರಿಣಾಮದ ಅಧ್ಯಯನದ ವಿವರ. ಒಳ್ಳೆಯ ಅರ್ಜಿ ಎಂದರೆ ಈ ಐದು ಕಲಮುಗಳನ್ನು ಮ್ಯಾನೇಜರ್ ಹಾಗೆಯೇ ಎತ್ತಿ ಸಮಿತಿಯ ಟಿಪ್ಪಣಿಗೆ ಅಂಟಿಸಬಹುದಾದಂಥ ಬರಹ. ಸಂಸ್ಥಾಪಕರ ಜೀವನಚರಿತ್ರೆ, ಊರಿನ ಸ್ಥಳಪುರಾಣ, ಸಚಿವರೊಂದಿಗಿನ ಫೋಟೊ ಇವಕ್ಕೆ ಆ ಟಿಪ್ಪಣಿಯಲ್ಲಿ ಹೋಗಿ ಕೂರಲು ಜಾಗವಿಲ್ಲ.

ಮೊದಲು ಕಳಿಸುವುದು ಎರಡು ಪುಟದ ಕಾನ್ಸೆಪ್ಟ್ ನೋಟ್. ಅದು ಒಪ್ಪಿಗೆಯಾದರೆ ಪೂರ್ಣ ಪ್ರಪೋಸಲ್, ಬಜೆಟ್, ನಂತರ ಸ್ಥಳ ಭೇಟಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳಿದವರಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಜನವರಿ ನಂತರ ಬರುವ ಫೋನ್ ಕರೆಗಳ ಸ್ವರವೇ ಬೇರೆ: ‘ಮಾರ್ಚ್ 31ರೊಳಗೆ 20 ಲಕ್ಷ ಮುಗಿಸಿಕೊಡಲು ಆಗುತ್ತದೆಯೇ?’ ಬಳಸಿದ ಮೇಲೆಯೇ ಖರ್ಚು ಎಂಬ ನಿಯಮದ ಒತ್ತಡ ಇದು. ಎರಡು ತಿಂಗಳಲ್ಲಿ ಮುಗಿಯುವಂಥದ್ದು ಬೆಂಚು, ಕಂಪ್ಯೂಟರ್, ಹೊಲಿಗೆ ಯಂತ್ರ, ನೀರಿನ ಘಟಕ. ನಿಧಾನವಾಗಿ ಆಗಬೇಕಾದ ಕೆಲಸ, ಉದಾಹರಣೆಗೆ ಓದಲು ಬಾರದ ಐದನೇ ತರಗತಿಯ ಮಗುವಿಗೆ ಓದು ಕಲಿಸುವುದು, ಈ ಕರೆಗೆ ಹೂಂ ಎನ್ನಲಾರದು. ಹೂಂ ಎಂದು ಆಮೇಲೆ ಪೇಚಾಡಿದವರಿಗೆ ಕೊರತೆಯಿಲ್ಲ.

ಬಜೆಟ್ಟಿನ ಒಂದು ಮಾದರಿಯನ್ನು ಹತ್ತಿರದಿಂದ ನೋಡಬಹುದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಹತ್ತು ಸರ್ಕಾರಿ ಶಾಲೆಗಳ 600 ಮಕ್ಕಳಿಗೆ ಒಂದು ವರ್ಷದ ಓದಿನ ಕಾರ್ಯಕ್ರಮ ಎಂದು ಊಹಿಸಿಕೊಳ್ಳೋಣ. ಎರಡು ಶಾಲೆಗೊಬ್ಬರಂತೆ ಐವರು ಕಾರ್ಯಕರ್ತೆಯರು, ತಿಂಗಳಿಗೆ 14,000 ರೂಪಾಯಿಯಂತೆ 8,40,000. ಒಬ್ಬ ಸಂಯೋಜಕರಿಗೆ 24,000ದಂತೆ 2,88,000. ಶಾಲೆಗೆ 20,000ದ ಕನ್ನಡ ಪುಸ್ತಕಗಳು, ಒಟ್ಟು 2,00,000. ಆರು ಜನರ ಬಸ್ಸು, ಪೆಟ್ರೋಲ್ ಖರ್ಚು ತಿಂಗಳಿಗೆ ತಲಾ 2,000ದಂತೆ 1,44,000. ನಾಲ್ಕು ತರಬೇತಿ 60,000. ವರ್ಷದ ಆರಂಭ ಮತ್ತು ಕೊನೆಯಲ್ಲಿ ಮಕ್ಕಳ ಓದಿನ ಮಟ್ಟ ಅಳೆಯಲು 40,000. ಕಚೇರಿ ಬಾಡಿಗೆ, ಲೆಕ್ಕಿಗರು, ಆಡಿಟ್ ಸೇರಿ 1,58,000. ಎಲ್ಲ ಕೂಡಿ 17,30,000.

ಈ ಹಾಳೆ ಮೇಜಿನ ಆಚೆ ಹೋದಾಗ ಮೊದಲು ಆಗುವುದು ಭಾಗಾಕಾರ. 17.3 ಲಕ್ಷವನ್ನು 600ರಿಂದ ಭಾಗಿಸಿದರೆ ಮಗುವಿಗೆ ಸುಮಾರು 2,883 ರೂಪಾಯಿ. ಎರಡನೆಯ ಪ್ರಶ್ನೆ: ಶೇ 65ರಷ್ಟು ಸಂಬಳಕ್ಕೇ ಹೋಗುತ್ತದಲ್ಲ? ಓದು ಕಲಿಸುವುದು ಕಲಿಸುವವರು ಮಾತ್ರ, ಅವರ ಸಂಬಳವೇ ಕಾರ್ಯಕ್ರಮ ಎಂದು ಬರೆದು ತೋರಿಸದಿದ್ದರೆ ಆ ಎರಡು ಸಾಲುಗಳನ್ನು ಅರ್ಧ ಕತ್ತರಿಸಿ, ಉಳಿದ ಹಣದಲ್ಲಿ ಹತ್ತು ಟಿವಿ ತೆಗೆದುಕೊಳ್ಳಿ ಎಂಬ ಸಲಹೆ ಬರುತ್ತದೆ. ಟಿವಿಗೆ ಬಿಲ್ ಇದೆ, ಕ್ರಮಸಂಖ್ಯೆ ಇದೆ, ಫೋಟೊ ತೆಗೆಯಬಹುದು, ಸಹಿ ಹಾಕುವವರ ನಿದ್ದೆ ಕೆಡುವುದಿಲ್ಲ. ಊರಿನ ಸಂಸ್ಥೆಗಳ ಅರ್ಜಿಗಳಲ್ಲಿ ವಸ್ತುಗಳು ಮನುಷ್ಯರನ್ನು ಹೊರದಬ್ಬುತ್ತಿರುವುದಕ್ಕೆ ಮೂಲ ಕಾರಣ ಇದೆಂಬುದು ಈ ಲೇಖಕನ ಅಭಿಪ್ರಾಯ.

ಮೂರನೆಯ ಪ್ರಶ್ನೆ ಕೊನೆಯ 1,58,000ದ ಮೇಲೆ: ‘ಆಡಳಿತ ವೆಚ್ಚ ಶೇ 5ಕ್ಕಿಂತ ಹೆಚ್ಚಿರಬಾರದಲ್ಲವೇ?’ ಇಷ್ಟು ವರ್ಷದ ನಂತರವೂ ಸಾಯದ ತಪ್ಪು ತಿಳಿವಳಿಕೆ ಇದು. ನಿಯಮದಲ್ಲಿರುವ ಶೇ 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡಿಕೊಳ್ಳುವ ಖರ್ಚಿಗೆ ಸಂಬಂಧಿಸಿದ್ದು. ಯೋಜನೆ ರೂಪಿಸಲು, ಜಾರಿ ಮಾಡಲು, ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚವನ್ನು ಆ ವ್ಯಾಖ್ಯೆಯಿಂದ ನಿಯಮವೇ ಹೊರಗಿಟ್ಟಿದೆ. ಸಂಸ್ಥೆಯ ಲೆಕ್ಕಿಗನ ಸಂಬಳಕ್ಕೆ ಕಾನೂನು ಮಿತಿ ಹಾಕಿಲ್ಲ. ಕಂಪನಿ ತನ್ನ ನೀತಿಯಾಗಿ ಹಾಕಿಕೊಂಡಿರಬಹುದು, ಅದು ಬೇರೆ ಮಾತು, ಅದನ್ನು ಕಾನೂನೆಂದು ಹೇಳುವಂತಿಲ್ಲ. ವಿನಯದಿಂದ ನಿಯಮದ ಸಾಲನ್ನು ತೋರಿಸಿ ಶೇ 9 ಪಡೆದವರೂ ಇದ್ದಾರೆ, ವಾದ ಏಕೆ ಎಂದು ಆ ಖರ್ಚನ್ನು ‘ಸ್ಟೇಷನರಿ’ಯಲ್ಲಿ ಬಚ್ಚಿಟ್ಟು ಆಡಿಟ್‌ನಲ್ಲಿ ಸಿಕ್ಕಿಬಿದ್ದವರೂ ಇದ್ದಾರೆ.

ಶಾಲೆಯೊಳಗೆ ಮಾಡುವ ಕೆಲಸಕ್ಕೆ ಶಿಕ್ಷಣ ಇಲಾಖೆಯ ಅನುಮತಿ, ಎಸ್‌ಡಿಎಂಸಿಯ ಠರಾವು, ಪಂಚಾಯಿತಿ ಜಾಗದಲ್ಲಾದರೆ ಪಿಡಿಒ ಸಹಿಯ ಪತ್ರ ಬೇಕು. ಇವನ್ನು ಹಣ ಮಂಜೂರಾದಮೇಲೆ ತರೋಣ ಎಂದುಕೊಂಡವರು ಮೊದಲ ಮೂರು ತಿಂಗಳನ್ನು ಬಿಇಒ ಕಚೇರಿಯ ಬೆಂಚಿನ ಮೇಲೆ ಕಳೆಯುತ್ತಾರೆ.

ಹಣ ಬಂದ ಮೇಲೆ

ಒಡಂಬಡಿಕೆಗೆ ಸಹಿಯಾಗಿ ಹಣ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ, ಎಲ್ಲರೂ ‘ಯುಸಿ’ ಎನ್ನುವುದು, ಚಾರ್ಟರ್ಡ್ ಅಕೌಂಟೆಂಟರ ಸಹಿಯೊಂದಿಗೆ ಹೋದ ಮೇಲೆ ಎರಡನೆಯದು. ಪ್ರತಿ ಖರೀದಿಗೆ ಮೂರು ಕೊಟೇಶನ್, ಜಿಎಸ್‌ಟಿ ಬಿಲ್, ಬ್ಯಾಂಕ್ ಮೂಲಕವೇ ಪಾವತಿ. ಸಂತೆಯಲ್ಲಿ ತರಕಾರಿ ಕೊಂಡು ಮಕ್ಕಳಿಗೆ ಊಟ ಹಾಕುವ ಸಂಸ್ಥೆ ಕೊತ್ತಂಬರಿ ಸೊಪ್ಪಿಗೆ ಮೂರು ಕೊಟೇಶನ್ ತರುವುದೆಲ್ಲಿಂದ? ಇಂಥ ಕಡೆ ಸ್ವಯಂ ವೋಚರಿಗೆ ಎಷ್ಟರವರೆಗೆ ಅವಕಾಶವೆಂದು ಒಡಂಬಡಿಕೆಯಲ್ಲೇ ಬರೆಸಿಕೊಳ್ಳುವುದು ಜಾಣತನ. ಯೋಜನೆಗೊಂದು ಪ್ರತ್ಯೇಕ ಲೆಡ್ಜರ್ ಇಡಬೇಕು. ಹಣದ ಮೇಲೆ ಬಡ್ಡಿ ಬಂದರೆ ಅದೂ ಅದೇ ಯೋಜನೆಗೆ ಸೇರಬೇಕೆಂದು ಕಂಪನಿಗಳು ಸಾಮಾನ್ಯವಾಗಿ ಬಯಸುತ್ತವೆ.

ಮೂರು ವರ್ಷದ ಸರಾಸರಿಯಲ್ಲಿ 10 ಕೋಟಿ ಅಥವಾ ಹೆಚ್ಚಿನ ಹೊಣೆಯುಳ್ಳ ಕಂಪನಿ, 1 ಕೋಟಿ ಅಥವಾ ಹೆಚ್ಚಿನ ಮೊತ್ತದ ಯೋಜನೆ ಮುಗಿದು ವರ್ಷ ಕಳೆದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು. ಸಣ್ಣ ಸಂಸ್ಥೆಗಳ ಯೋಜನೆ ಈ ಗೆರೆಯ ಕೆಳಗೇ ಉಳಿಯುತ್ತದೆ. ಹಾಗಿದ್ದರೂ ಆರಂಭದ ಅಳತೆ ತೆಗೆದಿಡದವರು ಎರಡನೇ ವರ್ಷದ ಅರ್ಜಿಯಲ್ಲಿ ‘ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿದೆ’ ಎಂದಷ್ಟೇ ಬರೆಯಬೇಕಾಗುತ್ತದೆ.

ಸಿಎಸ್‌ಆರ್ ಹಣದಿಂದ ಮಾಡಿದ ಆಸ್ತಿಯನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಅದು ಸಿಎಸ್‌ಆರ್ ನೋಂದಣಿಯುಳ್ಳ ಸಂಸ್ಥೆ, ಸ್ವಸಹಾಯ ಗುಂಪಿನಂಥ ಫಲಾನುಭವಿಗಳ ಕೂಟ ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿರಬೇಕು. ಶುದ್ಧ ಕುಡಿಯುವ ನೀರಿನ ಘಟಕದ ಕಥೆ ಇಲ್ಲಿ ನೆನಪಾಗುತ್ತದೆ. ಉದ್ಘಾಟನೆಯ ದಿನ ನೀಲಿ ಬಣ್ಣದ ಗೂಡು, ಕಂಪನಿಯ ಹೆಸರು, ನಾಣ್ಯ ಹಾಕಿದರೆ ಕ್ಯಾನ್ ತುಂಬುವ ನೀರು. ಎರಡು ವರ್ಷದ ಮೇಲೆ ಫಿಲ್ಟರಿನ ಒಳಪೊರೆ ಬದಲಿಸುವ ಹೊತ್ತಿಗೆ ಸಂಸ್ಥೆಯ ಯೋಜನೆ ಮುಗಿದಿರುತ್ತದೆ, ಪಂಚಾಯಿತಿ ‘ನಮಗೆ ಹಸ್ತಾಂತರವಾಗಿಲ್ಲ’ ಎನ್ನುತ್ತದೆ. ಹಸ್ತಾಂತರ ಪತ್ರ, ನಿರ್ವಹಣೆಯ ಖರ್ಚು ಯಾರದೆಂಬ ಠರಾವು ಇವೆರಡು ಪ್ರಪೋಸಲಿನ ಜೊತೆಯಲ್ಲೇ ಇರಲಿ ಎಂದು ಈಚೆಗೆ ಕೆಲವು ಕಂಪನಿಗಳು ಕೇಳತೊಡಗಿರುವುದು ಒಳ್ಳೆಯ ಲಕ್ಷಣ.

ಮುಂದುವರಿಯುವ ಯೋಜನೆ ಎಂದರೆ ಆರಂಭವಾದ ವರ್ಷವನ್ನು ಬಿಟ್ಟು ಗರಿಷ್ಠ ಮೂರು ವರ್ಷ. ಆಮೇಲೆ ಮತ್ತೆ ಹೊಸ ಅರ್ಜಿ. ಈ ಚಕ್ರದಿಂದ ಹೊರಬರುವ ಒಂದು ದಾರಿಯಾಗಿ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಂದಿದೆ. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಷೇರುಪೇಟೆಯ ಈ ವೇದಿಕೆಯಲ್ಲಿ ಮೊದಲು ಪಟ್ಟಿಯಾದದ್ದು ಯುವಜನರಿಗೆ ಉದ್ಯೋಗ ತರಬೇತಿ ಕೊಡುವ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. ಅಲ್ಲಿ ಪಟ್ಟಿಯಾಗುವುದು ಹೂಡಿದ ಹಣವೂ ಬಡ್ಡಿಯೂ ಮರಳಿ ಬಾರದ ಬಾಂಡ್, ಅಂದರೆ ಹೆಚ್ಚು ಲೆಕ್ಕಪತ್ರವುಳ್ಳ ದಾನ. ತಾಲ್ಲೂಕಿನ ಸಂಸ್ಥೆಗೆ ಅದಿನ್ನೂ ದೂರದ ಮಾತು.

ಹತ್ತಿರದ ಮಾತೆಂದರೆ ಕೊನೆಯ ಕಂತು. ಅಂತಿಮ ವರದಿ, ಅಂತಿಮ ಯುಸಿ ಒಪ್ಪಿಗೆಯಾಗುವವರೆಗೆ ಒಂದು ಪಾಲನ್ನು ತಡೆಹಿಡಿಯುವ ರೂಢಿ ಹಲವು ಕಂಪನಿಗಳಲ್ಲಿದೆ. ಬಳಸಿದ ಮೇಲೆ ಕೊಡುತ್ತೇವೆ ಎಂದರೆ ಮೊದಲು ಬಳಸಲು ಹಣ ಬೇಕು. ಕಾರ್ಪಸ್ ನಿಧಿಯುಳ್ಳ ದೊಡ್ಡ ಸಂಸ್ಥೆ ಆ ಎರಡು ಮೂರು ತಿಂಗಳನ್ನು ಹೇಗೋ ದಾಟಿಬಿಡುತ್ತದೆ. ಪುಟ್ಟ ಸಂಸ್ಥೆಯಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಸಂಬಳಕ್ಕೆಂದು ಕಾರ್ಯದರ್ಶಿಯ ಮನೆಯ ಬಳೆ ಸಹಕಾರಿ ಬ್ಯಾಂಕಿನ ಚಿನ್ನದ ಸಾಲದ ಲಕೋಟೆಯೊಳಗೆ ಹೋಗಿರುತ್ತದೆ. ಆ ಸಾಲದ ಬಡ್ಡಿಯನ್ನು ಬಜೆಟ್ಟಿನ ಯಾವ ಕಲಮಿನಲ್ಲೂ ತೋರಿಸುವಂತಿಲ್ಲ.